ಅರುಂಧತಿ ತೋರಿಸಿದವಳು

“ನೀ ಹೋಗಿ ಒಂದು ಕೊಡ ನೀರು ತಾರವಾ,” ಎಂದು ಗುರುಪಾದ ಬಾಳವ್ವನ ಕೈಗೆ ಖಾಲಿ ಕೊಡ ಕೊಟ್ಟ. ಅಂಗಳದ ಹಂಡೆಯಲ್ಲಿ ನೀರು ತುಳುಕುತ್ತಿದ್ದುದು ಅಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಬಾಳವ್ವ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಿಲಿಗೆ ಹೋದಳು.

ಇಂದ್ರವ್ವ ಕಂಬಕ್ಕೆ ಒರಗಿ ಕೂತಿದ್ದಳು. ಅವಳಿಗೆ ಸಾಕುಸಾಕಾಗಿತ್ತು. ಹಾಸಿಗೆ ಹಿಡಿದ ಗಂಡನನ್ನು ಎತ್ತಿ ಇಳಿಸಿ ರಟ್ಟೆ ಸೋತಿದ್ದವು, ಬೆಳಗಿನಿಂದ ಅತ್ತು ಕಣ್ಣು ಬತ್ತಿದ್ದವು. ಎದುರಿಗೆ ಬೆಳಿಗ್ಗೆ ತೀರಿಕೊಂಡ ರಾಜಪ್ಪ ವಿಭೂತಿ ಬಳಿಸಿಕೊಂಡು ಗೋಡೆಗೆ ಆನಿಕೊಂಡು ಮದುಮಗನ ಹಾಗೆ ಕೂತಿದ್ದ. ತುಕ್ಕಾನಟ್ಟಿಯ ಗಾಣಗಳಲ್ಲಿ ಬೆಲ್ಲ ಕಾಯಿಸುತ್ತಲೇ ಆಯುಷ್ಯ ಕಳೆದವನು. ಗೂಟಕ್ಕೆ ತೂಗುಹಾಕಿದ ಅವನ ಅಂಗಿಯಲ್ಲಿ ಇನ್ನೂ ಬೆಲ್ಲದ ವಾಸನೆಯಿತ್ತು.

ಹೆಣ ಎತ್ತುವ ಮೊದಲು ಹೆಂಡತಿಯನ್ನು ಮಗ್ಗುಲಲ್ಲಿ ಕೂರಿಸಿ, ಹಸಿರು ಬಳೆ ಇಡಿಸಿ, ಕಡೆಯ ಸಲ ಉಡಿ ತುಂಬುವುದು ಆ ಮನೆತನದ ಪದ್ಧತಿ. ಹುಕ್ಕೇರಿಯಿಂದ ಬಂದ ರಾಜಪ್ಪನ ತಮ್ಮ ಗುರುಪಾದ ಒಂದೇ ಕುಪ್ಪಸದ ಖಣ, ಒಂದೇ ತೆಂಗಿನಕಾಯಿ ತಂದಿದ್ದ.

“ಬಾಳವ್ವನೂ ಬರ್ಲಿ ತಡೀರಿ,” ಎಂದಳು ಬಳೆಗಾರ್ತಿ ಮೈಮುನಾಬಿ. ಇಷ್ಟು ವರ್ಷ ಇಬ್ಬರ ಕೈಗೂ ಬಳೆ ಇಡಿಸಿದವಳು ಅವಳೇ.

“ಆಕಿ ಯಾಕರೀ? ಲಗ್ನದ ಹೆಂಡ್ತಿ ಅಂದ್ರ ನಮ್ಮ ವೈನಿ ಒಬ್ಬಾಕಿನಽ. ಆಕಿಗೆ ಹಂದರ ಹಾಕಿಲ್ಲ, ಮಂದಿ ಕೂಡಿಲ್ಲ, ಒಂದು ಫೋಟೋ ಸೈತ ಇಲ್ಲ. ಇವತ್ತ ಬೀಗರೆಲ್ಲ ನೋಡಾಕತ್ತಾರ,” ಎಂದ ಗುರುಪಾದ, ಅತ್ತಿಗೆ ಇಂದ್ರವ್ವನತ್ತ ತಿರುಗಿ.

ಒಬ್ಬಾಕಿನಽ. ಈ ಒಂದು ಮಾತಿಗಾಗಿ ಇಂದ್ರವ್ವ ಎಷ್ಟು ವರ್ಷ ಕಾದಿದ್ದಳೋ! ಕೇಳಿದಾಗ ಒಳಗೊಳಗೇ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎದ್ದು ಹೋಗಿ ಮಗ್ಗುಲಲ್ಲಿ ಕೂತರೆ ಮುಗಿಯಿತು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

*

ಅವಳ ಲಗ್ನದಲ್ಲಿ ಅರುಂಧತಿ ತೋರಿಸಿದ್ದು ಮಟಮಟ ಮಧ್ಯಾಹ್ನ. ಅಯ್ಯನವರು ಹಂದರದ ಅಂಚು ಎತ್ತಿಸಿ, ಉರಿಬಿಸಿಲಿಗೆ ಬೆರಳು ಮಾಡಿ, “ಕಾಣ್ತೇನವಾ?” ಎಂದಿದ್ದರು. “ಕಂಡ್ತರೀ,” ಎಂದಿದ್ದಳು. ಕಾಣದಿದ್ದರೂ ಕಂಡಿತೆನ್ನುವುದೇ ಲೋಕರೂಢಿ. ನಿಜವಾದ ಚಿಕ್ಕೆಯನ್ನು ಆಮೇಲೊಂದು ಸಂಜೆ, ಗಾಣದಿಂದ ಬರುವಾಗ, ರಾಜಪ್ಪ ತೋರಿಸಿದ್ದ. ಉತ್ತರಕ್ಕೆ ಏಳು ಋಷಿಗಳು, ಬಾಲದ ಮೂರರಲ್ಲಿ ನಡುವಿನವನು ವಸಿಷ್ಠ, ಅವನ ಬಗಲಿಗೆ ಅಂಟಿಕೊಂಡ ಚಿಕ್ಕ ಚುಕ್ಕಿ ಅರುಂಧತಿ.

ಮಕ್ಕಳಾಗಲಿಲ್ಲ. ಅತ್ತೆ ಮೇಲವಂಕಿಯಿಂದ ಬಾಳವ್ವನನ್ನು ತಂದಳು. ಇಂದ್ರವ್ವ ಒಪ್ಪಿದಳೆಂದು ಊರು ಹೊಗಳಿತು. ಒಪ್ಪದಿದ್ದರೆ ಅವಳ ಗತಿ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ.

ವೈಶಾಖದ ಸಂಜೆ, ಕತ್ತಲಾಗುವ ಹೊತ್ತಿಗೆ, ಹಿತ್ತಿಲಲ್ಲಿ ಗದ್ದಲವಿಲ್ಲದೆ ತಾಳಿ ಕಟ್ಟಿಸಿದರು. ದೀಪ ಹಿಡಿದು ನಿಂತವಳು ಇಂದ್ರವ್ವನೇ. ಅಯ್ಯನವರ ಕಣ್ಣಿಗೆ ಪೊರೆ ಬಂದಿತ್ತು. ಬೆರಳು ಆಕಾಶದಲ್ಲಿ ಎಲ್ಲೆಲ್ಲೋ ಅಲೆಯಿತು. ಹುಡುಗಿ “ಕಾಣವಲ್ದರೀ,” ಎಂದುಬಿಟ್ಟಳು.

“ಅಪಶಕುನದ ಬಾಯಿ!” ಎಂದು ಅತ್ತೆ ಹಲ್ಲು ಕಡಿದಳು. ರಾಜಪ್ಪ ನೆಲ ನೋಡುತ್ತ ನಿಂತ.

ಇಂದ್ರವ್ವ ದೀಪವನ್ನು ಕೆಳಗಿಟ್ಟಳು. ಹುಡುಗಿಯ ಗದ್ದ ಹಿಡಿದೆತ್ತಿ, ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಬೆರಳನ್ನು ಉತ್ತರಕ್ಕೆ ಗುರಿಮಾಡಿದಳು. “ಅಲ್ನೋಡು, ದೊಡ್ಡದರ ಬಗಲಾಗ.”

“ಕಂಡ್ತಕ್ಕಾ.”

ಇಂದ್ರವ್ವನಿಗೆ ಅಂದು ಆದಷ್ಟು ಸಂಕಟ ಗಂಡ ಸತ್ತ ಈ ದಿನವೂ ಆಗಿರಲಿಲ್ಲ.

ಬಾಳವ್ವನಿಗೂ ಮಕ್ಕಳಾಗಲಿಲ್ಲ. ಕೊರತೆ ಯಾರದೆಂದು ಊರಿಗೆ ಆಗ ತಿಳಿಯಿತು, ಆದರೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ರಾಜಪ್ಪ ಸಂತೆಗೆ ಹೋದಾಗಲೆಲ್ಲ ಒಂದೇ ಬಣ್ಣದ ಎರಡು ಸೀರೆ ತರತೊಡಗಿದ. ಗಾಣದಲ್ಲಿ ಒಬ್ಬಳು ಕಬ್ಬು ಕೊಟ್ಟರೆ ಇನ್ನೊಬ್ಬಳು ಒಲೆಗೆ ಸಿಪ್ಪೆ ನೂಕಿದಳು. ಜಗಳವಾಡಲಿಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ.

*

“ವೈನಿ, ಏಳ್ರಿ. ಹೊತ್ತಾಗಾಕತ್ತೈತಿ,” ಎಂದ ಗುರುಪಾದ.

ಇಂದ್ರವ್ವ ಎದ್ದಳು. ಹೆಣದ ಕಡೆ ಹೋಗದೆ ಹಿತ್ತಿಲಿಗೆ ಹೋದಳು. ಬಾಳವ್ವ ನಳದ ಬಳಿ ಖಾಲಿ ಕೊಡ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

“ನೀರು ಹಿಡೀಲಿಲ್ಲೇನು?”

“ಅವರಿಗೆ ನೀರು ಬೇಕಾಗಿಲ್ಲಕ್ಕಾ. ನನಗ ಗೊತ್ತಾತು.”

ಇಂದ್ರವ್ವ ಅವಳ ಕೈ ಹಿಡಿದು ಒಳಗೆ ಕರೆತಂದಳು. ಮಂದಿ ಸರಿದು ದಾರಿ ಬಿಟ್ಟರು.

“ಗುರುಪಾದಪ್ಪಾ, ನನ್ನ ಲಗ್ನದಾಗ ನನಗ ಅರುಂಧತಿ ಕಂಡಿದ್ದಿಲ್ಲ. ಮಂದಿಗೆ ಅಂಜಿ ಸುಳ್ಳು ಹೇಳಿದ್ನಿ. ಈಕಿ ಖರೇನ ನೋಡ್ಯಾಳ. ನಾನಽ ತೋರಿಸೇನಿ, ಈ ಕೈಲೆ. ನಿಮಗ ಇನ್ನ್ಯಾವ ಫೋಟೋ ಬೇಕು?” ಅವಳ ದನಿ ಏರಲಿಲ್ಲ. ಏರಿಸುವ ತ್ರಾಣವೂ ಇರಲಿಲ್ಲ. “ಈಕಿ ಮಗ್ಗಲಾಗ ಕುಂದ್ರೂತನಕ ಹೆಣ ಏಳಂಗಿಲ್ಲ.”

ಗುರುಪಾದ ತಲೆ ಕೆರೆದುಕೊಂಡ. “ಉಡಿ ಸಾಮಾನ ಒಂದಽ ತಂದೇನಿ ವೈನಿ...”

“ನಮ್ಮನ್ಯಾಗ ಖಣಾನೂ ಐತಿ, ಕಾಯಿನೂ ಐತಿ,” ಎನ್ನುತ್ತ ಮೈಮುನಾಬಿ ಆಗಲೇ ಹೊಸ್ತಿಲು ದಾಟಿದ್ದಳು.

ರಾಜಪ್ಪನ ಎಡಕ್ಕೊಬ್ಬಳು, ಬಲಕ್ಕೊಬ್ಬಳು ಕೂತರು. ಇಬ್ಬರೂ ಉಟ್ಟ ಸೀರೆ ಒಂದೇ ಬಣ್ಣದ್ದಾಗಿತ್ತು.

*

ಹೊಲದಲ್ಲಿ ಮಣ್ಣು ಕೊಟ್ಟು ಬಂದಾಗ ದೀಪ ಹಚ್ಚುವ ಹೊತ್ತು. ಕುಣಿಯ ಬಳಿ ಇಬ್ಬರ ಬಳೆಯನ್ನೂ ಒಡೆದಿದ್ದರು. ಇಬ್ಬರೂ ಅಂಗಳದಲ್ಲಿ ಚಾಪೆಯ ಮೇಲೆ ಕೂತರು. ಗೋಕಾಕದ ಕಾಲೇಜಿನಲ್ಲಿ ವಿಜ್ಞಾನ ಓದುವ ಗುರುಪಾದನ ಮೊಮ್ಮಗಳು ನಂದಿನಿ ಚಹಾ ತಂದಳು. ಮಧ್ಯಾಹ್ನದ ಅರುಂಧತಿಯ ಮಾತು ಅವಳ ತಲೆಯಲ್ಲಿ ಉಳಿದಿತ್ತು.

“ಆಯೀ, ದುರ್ಬೀನದಾಗ ನೋಡಿದ್ರ ವಸಿಷ್ಠನೂ ಒಂಟಿ ಅಲ್ಲ. ಒಂದಕ್ಕೊಂದು ಸುತ್ತಾಕತ್ತಾವ. ಅರುಂಧತಿನೂ ಕೂಡಿಸಿದ್ರ ಎಲ್ಲಾ ಆರು ಚಿಕ್ಕಿ.”

“ಆರೂ ಒಂದಽ ಮನ್ಯಾಗೇನು? ಪಾಪ,” ಎಂದಳು ಇಂದ್ರವ್ವ.

ಬಾಳವ್ವನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಉತ್ತರಕ್ಕೆ ನೋಡಿದಳು. “ನನಗೀಗ ಅದು ಕಾಣವಲ್ದಕ್ಕಾ. ಕಾಣದಿದ್ದವರು ಆರು ತಿಂಗಳದಾಗ ಸತ್ತ ಹೊಕ್ಕಾರಂತ.”

“ಸುಮ್ಕಿರು. ನೀನೂ ಹೋದ್ರ ನನಗ್ಯಾರದಾರ?”

ಇಂದ್ರವ್ವ ಅವಳ ಬೋಳು ಕೈಯನ್ನು ಹಿಡಿದೆತ್ತಿ, ಬೆರಳನ್ನು ಆಕಾಶಕ್ಕೆ ಗುರಿಮಾಡಿದಳು. “ಅಲ್ನೋಡು, ದೊಡ್ಡದರ ಬಗಲಾಗ.”

“ಕಂಡ್ತಕ್ಕಾ,” ಎಂದಳು ಬಾಳವ್ವ, ಅಕ್ಕನ ಮುಖವನ್ನೇ ನೋಡುತ್ತ.