ಕಲೇಸಿತಾ ಅತ್ತಿಗೆ ಉಳಿಸಿಕೊಂಡ ವಾದ್ಯದಂಗಡಿ

ನುಕುಅಲೋಫಾ ಪೇಟೆಯ ದೊಡ್ಡ ರಸ್ತೆಯಲ್ಲಿ ನಮ್ಮ ವಾದ್ಯದಂಗಡಿ ಶುರುವಾದದ್ದು ನನ್ನ ಗಂಡ ಮಾಕಾನ ತಾತನ ಕಾಲದಲ್ಲಿ. ಕೊಬ್ಬರಿ ವ್ಯಾಪಾರಿಯೊಬ್ಬ ಬಿಟ್ಟುಹೋದ ಎರಡಂತಸ್ತಿನ ಮರದ ಕಟ್ಟಡ ಅದು. ಬ್ಯಾಂಡಿಲ್ಲದ ಚರ್ಚನ್ನು ನಮ್ಮ ಟೋಂಗಾ ದ್ವೀಪಗಳಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ, ಹಾಗಾಗಿ ಕಹಳೆ, ಡ್ರಮ್ಮುಗಳ ವ್ಯಾಪಾರ ನಿಂತದ್ದೇ ಇಲ್ಲ. ಚಂಡಮಾರುತ ಚಾವಣಿ ಕಿತ್ತೊಯ್ದಿತು, ಹೊಸದು ಹಾಕಿದರು. ಒಮ್ಮೆ ಒಂದು ಚರ್ಚು ಒಡೆದು ಎರಡಾಯಿತು. ದೊಡ್ಡ ಡ್ರಮ್ಮು ತಮ್ಮದೆಂದು ಎರಡೂ ಕಡೆಯವರು ಅಂಗಡಿಯೊಳಗೇ ಹೊಡೆದಾಡಿ, ಕೊನೆಗೆ ಅದರ ಚರ್ಮಕ್ಕೆ ಚೂರಿ ಹಾಕಿದರು. ನಮ್ಮ ಮಾವ ನೆಲದ ರಕ್ತ ಒರೆಸಿ, ಇಬ್ಬರಿಗೂ ಒಂದೊಂದು ಹೊಸ ಡ್ರಮ್ಮು ಮಾರಿದರು.

ಮಾವ ಸಾಯುವಾಗ ಅಂಗಡಿಯನ್ನು ಮಗನಿಗೆ ಕೊಡಲಿಲ್ಲ, ಮಗಳು ಕಲೇಸಿತಾಗೆ ಕೊಟ್ಟರು. ನಮ್ಮ ಪದ್ಧತಿಯಲ್ಲಿ ಅಕ್ಕನ ಸ್ಥಾನ ತಮ್ಮನಿಗಿಂತ ಮೇಲೆ. ಮಾಕಾ ಹಡಗುಕಟ್ಟೆಯಲ್ಲಿ ಮೂಟೆ ಹೊರಲು ಹೋದ. ನಾನು ಅತ್ತಿಗೆಯ ಜೊತೆ ಗಲ್ಲಾದಲ್ಲಿ ಕೂತೆ.

ಬೆಳೆದ ಅಕ್ಕ-ತಮ್ಮ ಒಂದೇ ಸೂರಿನಡಿ ಕೂರುವಂತಿಲ್ಲ. ಅಕ್ಕನನ್ನು ಯಾರಾದರೂ ಹೊಲಸಾಗಿ ಬೈದದ್ದು ತಮ್ಮನ ಕಿವಿಗೆ ಬಿದ್ದರೆ, ಬೈದವನು ಪಾದ್ರಿಯೇ ಆಗಿದ್ದರೂ ತಮ್ಮ ಸುಮ್ಮನಿರುವಂತಿಲ್ಲ. ಬೇರೆ ಮನೆಗಳಲ್ಲಿ ಇದೆಲ್ಲ ಸಡಿಲವಾಗಿದೆ. ನಮ್ಮಲ್ಲಿ ಆಗಿರಲಿಲ್ಲ. ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಬಾಯಿಂದಲೇ ಹೋಗಿಬರುತ್ತಿತ್ತು.

ಪೇಟೆ ಉರಿದ ದಿನವೂ ಹಾಗೇ ಆಯಿತು. ಜನರ ಆಳ್ವಿಕೆ ಬೇಕೆಂದು ಅರಮನೆ ಕಡೆ ಸೇರಿದ್ದ ಜನ ಮಧ್ಯಾಹ್ನದ ಹೊತ್ತಿಗೆ ಕಲ್ಲು ತೂರಲು ಶುರುಮಾಡಿ, ಹೆಂಡದಂಗಡಿ ಒಡೆದು, ಕುಡಿದು, ಒಂದೊಂದೇ ಅಂಗಡಿ ದೋಚಿ ಬೆಂಕಿ ಇಡುತ್ತಾ ಬಂದರು. ಮೂಲೆಯ ಬಟ್ಟೆ ಅಂಗಡಿ ಹೊತ್ತಿ ಉರಿಯುತ್ತಿತ್ತು. ಅದರ ಚೀನಿ ಯಜಮಾನನನ್ನು ಕೂದಲು ಹಿಡಿದು ಬೀದಿಗೆಳೆದು ಒದೆಯುವುದನ್ನು ನಾನು ಕಿಟಕಿಯಿಂದ ನೋಡಿದೆ.

ಮಾಕಾ ಹಡಗುಕಟ್ಟೆಯಿಂದ ಓಡಿಬಂದು ಎದುರಿನ ಆಲದ ಮರದ ಕೆಳಗೆ ನಿಂತ. ಅಕ್ಕ ಒಳಗಿದ್ದಳಲ್ಲ, ಅದಕ್ಕೇ ಅಲ್ಲಿಂದಲೇ ನನ್ನನ್ನು ಕೈಬೀಸಿ ಕರೆದ. ಇಷ್ಟು ಜನರ ಎದುರು ತಾನೊಬ್ಬ ಏನೂ ಮಾಡಲಾರೆ, ಮರದ ಕಟ್ಟಡ ಹೋದರೆ ಹೋಗಲಿ, ಅಕ್ಕನನ್ನು ಹಿತ್ತಿಲ ಬಾಗಿಲಿಂದ ಕರೆದುಕೊಂಡು ಹೋಗು ಎಂದ. ಬುದ್ಧಿವಂತಿಕೆಯ ಮಾತು. ನಾನು ಒಳಗೆ ಬಂದು ಅತ್ತಿಗೆಗೆ ಹೇಳಿದೆ. ಅವರು ಕಿಟಕಿಯಿಂದ ಆಲದ ಮರವನ್ನು ಒಮ್ಮೆ ನೋಡಿ, ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಬಿಗಿದು, ಮುಂಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತರು.

ಗುಂಪಿನ ಮುಂದೆ ಪಿಟಾ ಇದ್ದ. ಚರ್ಚಿನ ಬ್ಯಾಂಡಿಗೆ ಸೇರಲು ಬಂದು ಆಗದೆ ಹೋದವನು. ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಅವನೂ ಮೊದಲು ಮರ್ಯಾದೆಯಾಗೇ ಮಾತಾಡಿದ.

"ಪಕ್ಕಕ್ಕೆ ಸರೀರಿ ಅಮ್ಮಾ. ನಿಮ್ಮ ಮೇಲೆ ನಮಗೇನೂ ಸಿಟ್ಟಿಲ್ಲ."

"ಸಿಟ್ಟು ಬರೋಕೂ ಉಸಿರು ಬೇಕಲ್ಲೋ ಪಿಟಾ," ಅಂದರು ಅತ್ತಿಗೆ. "ಕಹಳೆಯಿಂದ ಒಂದು ಸ್ವರ ಹೊರಡಿಸೋಕೆ ನಿನ್ನ ಕೈಲಿ ಆಗ್ಲಿಲ್ಲ. ಪಾದ್ರಿ ನಿನ್ನ ಕೈಗೆ ಪೊರಕೆ ಕೊಟ್ರು. ಬೆಂಕಿನಾದ್ರೂ ಹಚ್ಚೋಕೆ ಬರುತ್ತೋ, ಇಲ್ಲ ಅದಕ್ಕೂ ನಿಮ್ಮಮ್ಮನ್ನ ಕರೆಸ್ಬೇಕೋ?"

ಅವನ ಹಿಂದಿದ್ದವರೇ ನಕ್ಕರು. ಪಿಟಾನ ಮುಖ ಕಪ್ಪಿಟ್ಟಿತು. ಅತ್ತಿಗೆಯ ಮೈಯ ಬಗ್ಗೆ ಅವನೊಂದು ಮಾತಾಡಿದ. ಅದನ್ನು ನಾನು ಬರೆಯುವುದಿಲ್ಲ.

"ಲೇ, ಆಕೆ ತಮ್ಮ ಇಲ್ಲೇ ಇದಾನೆ," ಎಂದ ಯಾರೋ ಮೆಲ್ಲಗೆ.

ನಗು ನಿಂತಿತು. ಮಾಕಾ ರಸ್ತೆ ದಾಟಿ ಬರುತ್ತಿದ್ದ. ಓಡುತ್ತಿರಲಿಲ್ಲ. ಹೊಡೆದಾಟ ಬೇಡವೆಂದು ಆಗಷ್ಟೇ ತೀರ್ಮಾನ ಮಾಡಿದ್ದ ಮನುಷ್ಯ, ಮೂಟೆ ಎತ್ತಲು ಹೋಗುವವನ ಹಾಗೆ ಬಂದು, ಪಿಟಾನ ಕತ್ತು ಹಿಡಿದು ಅವನ ಮುಖವನ್ನು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಎತ್ತಿ ಮತ್ತೆ ಅಪ್ಪಳಿಸಿದ. ಡಬ್ಬ ಉರುಳಿ ಎಣ್ಣೆಯೆಲ್ಲ ಮೋರಿಗೆ ಹೋಯಿತು.

ಗುಂಪಿನಲ್ಲಿ ಅತ್ತಿಗೆಯ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೂ ಇದ್ದರು. ಅತ್ತಿಗೆ ಅವರಿಗೂ ಅಕ್ಕನೇ, ಆ ಮಾತಿನಿಂದ ಅವರ ಅಕ್ಕನಿಗೇ ಅವಮಾನವಾದಂತಾಯಿತು. ಲೂಟಿ ಮಾಡಿದ್ದನ್ನು ಕೆಳಗೆ ಹಾಕಿ ಅವರೂ ಪಿಟಾನ ಕಡೆಯವರ ಮೇಲೆ ಬಿದ್ದರು. ಬಾಟಲಿ, ಕಲ್ಲು, ಬೋರ್ಡಿನಿಂದ ಕಿತ್ತ ಕಬ್ಬಿಣ. ಒಬ್ಬನ ಕೈ ಒಡೆದ ಗಾಜಿನೊಳಕ್ಕೆ ಹೋಗಿ ಮೊಣಕೈವರೆಗೆ ಸೀಳಿತು. ಅಂಗಡಿಯನ್ನು ಸುಡಬೇಕೆಂಬುದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಪಿಟಾನ ಅಣ್ಣ ಕೊಳವೆಯೊಂದನ್ನು ಬೀಸಿದ. ಅದು ಮಾಕಾನ ಎಡಗಣ್ಣಿಗೆ ಬಿತ್ತು. ಬಿದ್ದವನನ್ನು ತುಳಿದರು. ನಾನು ಅವನ ಮೇಲೆ ಅಡ್ಡ ಬಿದ್ದೆ. ನನಗೂ ಒದೆ ಬಿದ್ದವು.

ಸೈನಿಕರು ಬಂದಾಗ ನಮ್ಮ ಸಾಲಿನಲ್ಲಿ ನಿಂತಿದ್ದದ್ದು ನಮ್ಮ ಕಟ್ಟಡವೊಂದೇ. ಅತ್ತಿಗೆ ತೊಟ್ಟಿಯ ನೀರು ಎರಚಿ ಎರಚಿ ಪಕ್ಕದ ಗೋಡೆ ಕಾಯುತ್ತಿದ್ದರು.

ಮಾಕಾನ ಕಣ್ಣು ಹೋಯಿತು. ಒಕ್ಕಣ್ಣನಿಗೆ ಹಡಗುಕಟ್ಟೆಯಲ್ಲಿ ಕೆಲಸವಿಲ್ಲ ಎಂದರು. ಅದು ತಿಳಿದ ಮರುದಿನ ಅತ್ತಿಗೆ ನಮ್ಮ ಮನೆಗೆ ಬಂದರು. ಮಾಕಾ ಒಳಗಿದ್ದನೆಂದು ಅಂಗಳದಲ್ಲೇ ಕೂತು, ಅಂಗಡಿಯ ಬೀಗದ ಕೈ ನನ್ನ ಮಡಿಲಿಗೆ ಹಾಕಿದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅವನು ಮರದ ಕೆಳಗಿದ್ದಾನೆ ಅಂತ ಗೊತ್ತಿದ್ದೇ ಪಿಟಾನ ಕೆಣಕಿದ್ರಿ, ಅಲ್ವಾ ಅತ್ತಿಗೆ?"

"ಗೊತ್ತಿತ್ತು ಲೋಸಾ."

"ಹಿತ್ತಿಲ ಬಾಗಿಲಿಂದ ಹೋಗಿದ್ರೆ ಅವನ ಕಣ್ಣು ಇರ್ತಿತ್ತು."

"ಅಂಗಡಿ ಇರ್ತಿರ್ಲಿಲ್ಲ," ಅಂದರು. "ಅವನಿಗೆ ಮೂಟೆ ಹೊರೋಕಾಗಲ್ಲ, ಗಲ್ಲಾದಲ್ಲಿ ಕೂರೋಕಾಗುತ್ತೆ. ಅವನು ಕೂತ ಮೇಲೆ ನಾನು ಆ ಸೂರಿನಡಿ ಬರೋ ಹಾಗಿಲ್ಲ. ನೀವಿಬ್ರೂ ನಡೆಸಿ," ಅಂದು ಎದ್ದರು.

ಅವರೀಗ ಹಳ್ಳಿಯಲ್ಲಿ ಚಾಪೆ ಹೆಣೆಯುತ್ತಾರೆ. ಶನಿವಾರ ಮಾರುಕಟ್ಟೆಗೆ ಬಂದಾಗ ನಾನು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಯಾವ ಚರ್ಚಿನವರು ಏನು ಕೊಂಡರು, ಗೋಡೆಗೆ ಬಣ್ಣ ಬಳಿದೆವೋ ಇಲ್ಲವೋ, ಎಲ್ಲ ವಿಚಾರಿಸುತ್ತಾರೆ. ನಾನು ಹೇಳುತ್ತೇನೆ. ಮಾಕಾನ ಕಣ್ಣಿನ ಮಾತು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.