ನಾಲ್ಕನೇ ಪುಟ

"ಹನ್ನೊಂದು ಸಲ," ಎಂದರು ಮ್ಯಾನೇಜರ್, ಪರದೆಯ ಮೇಲೆ ಬೆರಳೊತ್ತಿ. "ನಾಲ್ಕನೇ ಪುಟ, ಐದನೇ ಪುಟ, ಮತ್ತೆ ನಾಲ್ಕು, ಮತ್ತೆ ಐದು. ಮೂರು ದಿನದಿಂದ ಇದೇ ಆಟ. ಆ ‘ಹಿಂದಕ್ಕೆ’ ಅನ್ನೋ ಗುಂಡೀನೇ ಕಿತ್ತುಹಾಕಿಬಿಡೋಣ. ‘ಮುಂದುವರಿಯಿರಿ’ ಒಂದಿದ್ರೆ ಸಾಕು."

"ಒಂದು ದಿನ ಕೊಡಿ, ನೋಡಿ ಹೇಳ್ತೀನಿ," ಎಂದಳು ಪತ್ತೇದಾರಿ.

ಅದು ಕಚೇರಿಯವರು ಅವಳಿಗೆ ಇಟ್ಟ ಹೆಸರು. ಬೇರೆಯವರು ಬರೆದ ವೆಬ್‌ಸೈಟುಗಳನ್ನು ತಿರುವಿ ಮುರುವಿ ತಪ್ಪು ಹಿಡಿಯುವುದು ಅವಳ ಕೆಲಸ. ಅನುಮಾನಪಡುವುದಕ್ಕೇ ತಿಂಗಳ ಸಂಬಳ. ಮನೆಯಲ್ಲೂ ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಎರಡೆರಡು ಸಲ ಓದುವವಳು. "ಮದುವೆಯ ದಿನ ನನ್ನನ್ನೂ ಹೀಗೇ ಹಿಂದೆ ಮುಂದೆ ನೋಡಿದ್ದಳು" ಎಂದು ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಈ ಸಲದ್ದು ಆಸ್ಪತ್ರೆಯೊಂದಕ್ಕೆ ಮಾಡಿಕೊಟ್ಟಿದ್ದ ಅರ್ಜಿ. ತಮ್ಮವರಿಗೆ ಕಿಡ್ನಿ ಕೊಡುವವರು ತುಂಬಬೇಕಾದ ಒಂಬತ್ತು ಪುಟಗಳು. ನಾಲ್ಕನೆಯದರಲ್ಲಿ ಇರುವುದು ಒಂದೇ ವಾಕ್ಯ: ‘ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೇನೆ.’ ಅದರ ಪಕ್ಕದ ಚೌಕದಲ್ಲಿ ಗುರುತು ಹಾಕಿದರಷ್ಟೇ ಐದನೇ ಪುಟ ತೆರೆಯುತ್ತದೆ. ಹಿಂದಕ್ಕೆ ಬಂದು ಗುರುತು ತೆಗೆದರೆ ಮುಂದೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ನಾಳೆ ಸಂಜೆಯೊಳಗೆ ಅರ್ಜಿ ಮುಗಿಯದಿದ್ದರೆ ಆಪರೇಷನ್ನಿನ ದಿನ ಬೇರೆಯವರ ಪಾಲಾಗುತ್ತದೆ, ಇನ್ನೊಂದು ದಿನ ಸಿಗುವ ತನಕ ಈ ರೋಗಿ ಉಳಿಯುವುದು ಅನುಮಾನ ಎಂದು ಆಸ್ಪತ್ರೆಯವರು ಬರೆದಿದ್ದರು. ಅರ್ಜಿದಾರಳ ದೂರು ಮಾತ್ರ ಬಹಳ ಸರಳವಾಗಿತ್ತು. ಕಂಪ್ಯೂಟರ್ ತನ್ನ ಗುರುತನ್ನು ನುಂಗುತ್ತಿದೆ.

ನುಂಗುವುದು ಇಂಥ ಅರ್ಜಿಗಳ ಹಳೆಯ ಕಾಯಿಲೆಯೇ. ಹಿಂದಿನ ಪುಟಕ್ಕೆ ಬಂದರೆ ಬರೆದದ್ದೆಲ್ಲ ಮರೆತು ಕೂರುತ್ತವೆ. ಪತ್ತೇದಾರಿ ಫೋನಿನಲ್ಲಿ ನೋಡಿದಳು, ಹಳೆಯ ಕಂಪ್ಯೂಟರಿನಲ್ಲಿ ನೋಡಿದಳು, ನೆಟ್‌ವರ್ಕ್ ಕಡಿಮೆ ಮಾಡಿಯೂ ನೋಡಿದಳು. ಇಪ್ಪತ್ತು ಸಲ ಹಿಂದೆ ಮುಂದೆ ಹೋದರೂ ಗುರುತು ಕದಲಲಿಲ್ಲ. ಹಾಗಾದರೆ ಯಾರೋ ಕೈಯಾರೆ ತೆಗೆಯುತ್ತಿದ್ದಾರೆ.

ಅವಳ ತಲೆಗೆ ಹುಳ ಹೊಕ್ಕಿತು. ಒತ್ತಿದ ಪ್ರತಿ ಗುಂಡಿಯ ಹೊತ್ತೂ ದಾಖಲಾಗಿತ್ತು. ಗುರುತು ಹಾಕುವ ಕೈಗೆ ಎರಡೇ ಸೆಕೆಂಡು. ತೆಗೆಯುವ ಕೈ ನಾಲ್ಕನೇ ಪುಟಕ್ಕೆ ಬಂದು ಒಂದು ನಿಮಿಷ ಸುಮ್ಮನಿದ್ದು ಆಮೇಲೆ ತೆಗೆಯುತ್ತಿತ್ತು. ಒಂದೇ ಮನುಷ್ಯನ ಎರಡು ಬುದ್ಧಿಯೋ, ಇಬ್ಬರು ಮನುಷ್ಯರೋ? ಪಾಪದ ಹೆಣ್ಣೊಂದು ಹೆದರಿ ತೆಗೆಯುವುದು, ಪಕ್ಕದಲ್ಲಿ ಕೂತವರು ಯಾರೋ ಗದರಿಸಿ ಟಕ್ಕೆಂದು ಹಾಕುವುದು ಅವಳ ಕಣ್ಣಿಗೆ ಕಟ್ಟಿತು. ಈಗ ಹಿಂದಕ್ಕೆ ಹೋಗುವ ದಾರಿಯನ್ನೂ ಮುಚ್ಚಿಬಿಟ್ಟರೆ ಆಯಿತಲ್ಲ ಅವರ ಕೆಲಸ. ಅವಳಿಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಹತ್ತು ಗಂಟೆಗೆ ಅವಳು ಆಸ್ಪತ್ರೆಯಲ್ಲಿದ್ದಳು. ಜನರಿಗೆಂದು ಇಟ್ಟ ಕಂಪ್ಯೂಟರ್ ಹಜಾರದ ಮೂಲೆಯಲ್ಲಿತ್ತು.

"ಇಬ್ರೇ ಬರೋದು, ಅಕ್ಕ ತಂಗಿ," ಎಂದಳು ನರ್ಸ್. "ತಂಗಿ ಕೊಡೋಳು, ಅಕ್ಕ ತಗೊಳ್ಳೋಳು. ಅಕ್ಕಂದು ಡಯಾಲಿಸಿಸ್ ಮುಗೀತಿದ್ದಂಗೆ ಇಲ್ಲಿ ಬಂದು ಕೂರ್ತಾರೆ."

ಅಕ್ಕ ಬಟ್ಟೆ ಹೊಲಿಯುವವಳು. ಊದಿದ ಕಾಲು, ತೋಳಿಗೆ ಬ್ಯಾಂಡೇಜು, ನೆಲ ನೋಡಿಕೊಂಡೇ ಮಾತು. ತಂಗಿ ಬಸ್ ಡ್ರೈವರ್, ಸಮವಸ್ತ್ರದಲ್ಲೇ ಬಂದಿದ್ದಳು. ಮೆತ್ತಗಿರುವವರೇ ಮೊದಲು ಕುತ್ತಿಗೆಗೆ ಕೈ ಹಾಕುತ್ತಾರೆ ಎಂದುಕೊಂಡ ಪತ್ತೇದಾರಿ, ಕಂಪ್ಯೂಟರ್ ನೋಡಲು ಬಂದವಳೆಂದು ಹೇಳಿ, ಅಕ್ಕನನ್ನು ಮುಖ ತೊಳೆದು ಬನ್ನಿ ಎಂದು ಸಾಗಹಾಕಿದಳು.

"ನಿಜ ಹೇಳಿ. ಅಕ್ಕ ಒತ್ತಾಯ ಮಾಡ್ತಿದಾರಾ?"

ತಂಗಿ ನಕ್ಕಳು. "ಅವಳಾ? ಒಂದು ಲೋಟ ನೀರು ಕೇಳೋಕೂ ಹತ್ತು ಸಲ ಯೋಚನೆ ಮಾಡ್ತಾಳೆ. ನೀವು ಮೊದಲು ಈ ಡಬ್ಬಾ ರಿಪೇರಿ ಮಾಡಿ. ರಕ್ತದ ರಿಪೋರ್ಟು ತರೋಕೆ ಕೌಂಟರಿಗೆ ಹೋಗಿ ಬರೋದ್ರೊಳಗೆ ಟಿಕ್ಕು ಮಾಯ. ಮತ್ತೆ ಹಾಕಿದ್ರೆ ರಿಪೋರ್ಟಿಗೆ ಕೌಂಟರಿಂದ ಹೊಸ ಸೀಲು ಬೇಕು ಅನ್ನುತ್ತೆ." ಹೇಳುತ್ತಲೇ ಗುರುತು ಹಾಕಿ ಐದನೇ ಪುಟಕ್ಕೆ ಹೋದಳು. ಪುಟ ರಿಪೋರ್ಟು ಕೇಳಿತು. ಎದ್ದು ಕೌಂಟರಿನ ಕಡೆ ನಡೆದಳು.

ಅಕ್ಕ ವಾಪಸು ಬಂದು ಕೂತಳು. ಪತ್ತೇದಾರಿ ಮೇಜಿನ ಹಿಂದೆ ಬಗ್ಗಿ ವೈರುಗಳನ್ನು ನೋಡುವವಳಂತೆ ನಟಿಸುತ್ತ ಒಂದು ಕಣ್ಣನ್ನು ಇತ್ತ ಇಟ್ಟಳು. ಅಕ್ಕನ ಕೈ ಮೌಸಿಗೆ ಬಂತು. ‘ಹಿಂದಕ್ಕೆ’ ಒತ್ತಿತು. ಹೊಲಿಗೆ ಬಿಚ್ಚುವಷ್ಟು ನಿಧಾನವಾಗಿ ಚೌಕದ ಗುರುತನ್ನು ತೆಗೆಯಿತು.

"ನೀವಾ?" ಪತ್ತೇದಾರಿ ನೆಟ್ಟಗೆ ನಿಂತಳು.

ಬರಿಗೈಯಲ್ಲಿ ಹಿಂದಿರುಗಿದ್ದ ತಂಗಿ ಕುರ್ಚಿಯ ಹಿಂದೆಯೇ ನಿಂತಿದ್ದಳು. ಕೌಂಟರಿನಲ್ಲಿ ಸಾಲು ಉದ್ದವಿತ್ತು.

"ಮೂರು ದಿನದಿಂದ ನೀನಾ ಇದು ಮಾಡ್ತಿರೋದು?"

"ಒಂಬತ್ತು ಪುಟಾನೂ ಓದಿದೆ," ಎಂದಳು ಅಕ್ಕ. "ಎಲ್ಲಾ ನಿನ್ನನ್ನೇ ಕೇಳುತ್ತೆ. ಇಷ್ಟ ಇದೆಯಾ, ಭಯ ಇದೆಯಾ ಅಂತ. ತಗೊಳ್ಳೋಳು ನಾನು. ನಿಂಗೆ ಬೇಕಾ ಅಂತ ನನ್ನನ್ನ ಒಂದು ಕಡೇನೂ ಕೇಳಲ್ಲ. ಬೇಡ ಅನ್ನೋಕೆ ನನಗೆ ಸಿಕ್ಕಿದ್ದು ಇದೊಂದೇ ಗುಂಡಿ."

"ಬಾಯಲ್ಲಿ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಕೇಳ್ತಿದ್ದೆಯಾ? ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಸಾಕಿದೀನಿ. ಆ ಆಪರೇಷನ್ ಬಾಗಿಲೊಳಗೆ ನನಗೋಸ್ಕರ ಹೋಗಿ ನೀನು ಈಚೆಗೆ ಬರದಿದ್ರೆ ನಾನು ಇದ್ದು ಏನು ಮಾಡ್ಲಿ?"

ಪತ್ತೇದಾರಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಈ ಅರ್ಜಿಯನ್ನು ಮೂರು ಸಲ ಜಾಲಾಡಿ ಸರಿಯಿದೆ ಎಂದು ಸಹಿ ಹಾಕಿದವಳು ಅವಳೇ. ಇದ್ದ ಪುಟಗಳ ಮೇಲೆಲ್ಲ ಅನುಮಾನಪಟ್ಟಿದ್ದಳು. ಇಲ್ಲದ ಪುಟ ಅವಳಿಗೆ ಹೊಳೆದೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ತಂಗಿ ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತಳು. ಬಸ್ಸಿನಲ್ಲಿ ಜೋರು ಮಾಡುವ ಆ ದನಿ ಇಳಿದುಹೋಗಿತ್ತು.

"ಆಯ್ತು, ಅದು ಕೇಳದಿದ್ರೆ ಬಿಡು. ನಾನು ಕೇಳ್ತೀನಿ. ನಂದು ತಗೋತೀಯಾ?"

ಅಕ್ಕ ಪರದೆಯ ಕಡೆ ತಿರುಗಿದಳು.

"ಅಲ್ಲಿ ನೋಡಬೇಡ, ಇಲ್ಲಿ ನೋಡು. ನೀನು ಬೇಡ ಅಂದ್ರೆ ಈಗಲೇ ಎದ್ದು ಹೋಗೋಣ. ಆದ್ರೆ ಒಂದು ಮಾತು. ನೀನಿಲ್ಲದೆ ನಾನು ಏನು ಮಾಡ್ಲಿ, ಅದನ್ನೂ ಹೇಳು."

ಸಾಲಿನಲ್ಲಿ ಯಾರದೋ ನಂಬರು ಕೂಗಿದರು. ಅಕ್ಕ ಬಹಳ ಹೊತ್ತು ತಂಗಿಯ ಅಂಗಿಯ ಗುಂಡಿಯನ್ನು ತಿರುವುತ್ತ ಕೂತಳು. ಆಮೇಲೆ ಮೌಸನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದಳು. ತಂಗಿ ಮುಟ್ಟಲಿಲ್ಲ.

"ಬಾಯಿ ಬಿಟ್ಟು ಹೇಳು, ಅಕ್ಕ."

"ಹೂಂ," ಎಂದಳು ಅಕ್ಕ. "ತಗೋತೀನಿ."

ತಂಗಿ ಅಕ್ಕನ ಮಡಿಲಲ್ಲಿ ಮುಖ ಇಟ್ಟಳು. ಅಕ್ಕ ಅವಳ ಟೋಪಿ ತೆಗೆದು ಪಕ್ಕಕ್ಕಿಟ್ಟು ತಲೆ ಸವರತೊಡಗಿದಳು. ಪರದೆಯ ಮೇಲೆ ನಾಲ್ಕನೇ ಪುಟದ ಚೌಕ ಖಾಲಿಯಾಗಿಯೇ ಇತ್ತು.