ಮುದ್ದೆ ಅಗಿದ ಎಮ್ಮೆಲ್ಲೆ

ನಂಜಪ್ಪ ಯಾಕೆ ಸೋತ ಅಂತ ಪೇಪರಿನವರು ಏನೇನೋ ಬರೆದರು. ಗಾಳಿ ಅಂದರು, ಒಳಏಟು ಅಂದರು. ಎಲ್ಲ ಬೊಗಳೆ. ಅವನನ್ನು ಸೋಲಿಸಿದ್ದು ಒಂದು ತುತ್ತು ರಾಗಿಮುದ್ದೆ. ಪಕ್ಕದ ಎಲೆಗೆ ಕೂತು ಕಣ್ಣಾರೆ ಕಂಡವನು ನಾನು. ಮಗಳೇ ಸುನಿತಾ, ಇದನ್ನೆಲ್ಲ ಫೋನಿನಲ್ಲೇ ಮಾತಾಡಿ ಕಳಿಸುತ್ತಿದ್ದೀನಿ, ಕಿವಿಗಿಟ್ಟುಕೊಂಡು ಪೂರ್ತಿ ಕೇಳು, ಅರ್ಧಕ್ಕೆ ಆರಿಸಬೇಡ.

ನಮ್ಮ ಕೆ.ಆರ್. ಪೇಟೆ ಕಡೆ ಆರು ಸಲ ಗೆದ್ದವನು ನಂಜಪ್ಪ. ಸೇತುವೆ ಕಟ್ಟಿಸಿ ಗೆದ್ದನೇ? ಉಂಡು ಗೆದ್ದ. ಯಾರ ಮನೆಯಲ್ಲಿ ಮದುವೆ ಮುಗಿದು ಬೀಗರೂಟವಾದರೂ, ಯಾರ ತಿಥಿಯಾದರೂ ಅವನ ಕಾರು ಬಾಗಿಲಲ್ಲಿರುತ್ತಿತ್ತು. ರಸ್ತೆ ಮಾಡಿಸದವನನ್ನು ನಮ್ಮ ಜನ ಕ್ಷಮಿಸುತ್ತಾರೆ. ಮನೆಗೆ ಬಂದು ಉಣ್ಣದೆ ಹೋದವನನ್ನು ಮಾತ್ರ ಮೊಮ್ಮಕ್ಕಳಿಗೂ ತೋರಿಸಿ ಬೈಯುತ್ತಾರೆ.

ಅಂಥವನಿಗೆ ಮೈಸೂರಿನ ಡಾಕ್ಟರು, "ಎರಡು ಚಪಾತಿ, ಸೌತೆಕಾಯಿ, ಅಷ್ಟೇ. ಬಾಡೂಟದ ವಾಸನೆ ಬಂದರೆ ಎದ್ದು ಹೋಗಿ" ಅಂದುಬಿಟ್ಟರು. ನಂಜಪ್ಪ ನಡುಗಿಹೋದ. ಸಾಯುತ್ತೀನಿ ಅಂತಲ್ಲ, ಸೀಟು ಹೋಗುತ್ತೆ ಅಂತ.

"ಅಂಗಾದ್ರೆ ಇನ್ಮ್ಯಾಕೆ ಉಣ್ಣೋರ್ ಯಾರ್ಲಾ?" ಅಂತ ಮನೆಗೆ ಬಂದವನೇ ಚಿಕ್ಕಂದಿನ ಗೆಳೆಯನಾದ ನನ್ನನ್ನು ಕೇಳಿದ.

ಅವನ ಭಾಮೈದ ತಿಮ್ಮರಾಜು ಅಲ್ಲೇ ಮೂಲೆಯಲ್ಲಿ ಚಕ್ಕುಲಿ ಕಡಿಯುತ್ತಿದ್ದ. ನಂಜಪ್ಪನ ಹೆಂಡತಿ ಪುಟ್ಟತಾಯಮ್ಮ ತಮ್ಮನ ಕಡೆ ಕೈ ತೋರಿಸಿದಳು. "ಇವ್ನಿಲ್ವಾ? ಸುಮ್ಕೆ ನಮ್ಮನೇಲಿ ಉಣ್ತಾವ್ನೆ. ಊರೋರ್ ಮನೇಲ್ ಉಣ್ಲಿ ಬುಡಿ."

ಅಲ್ಲಿಂದ ಶುರು. ಮೊದಮೊದಲು ನಂಜಪ್ಪ ಕುರ್ಚಿಯಲ್ಲಿ ಕೂತು ಕೈಮುಗಿಯುತ್ತಿದ್ದ, ತಿಮ್ಮರಾಜು ಅವನ ಪರವಾಗಿ ಉಣ್ಣುತ್ತಿದ್ದ. ಆಮೇಲೆ ತಿಮ್ಮರಾಜು ಒಬ್ಬನೇ ಹೊರಟ. ಜನ ಕಷ್ಟ ಹೇಳಿಕೊಳ್ಳಲು ಎಲೆಯ ಹತ್ತಿರವೇ ಬರತೊಡಗಿದರು.

"ಅಣ್ಣಾ, ನಮ್ಮೂರ್ಗೊಂದು ಟ್ರಾನ್ಸ್‌ಫಾರ್ಮರ್ರು..."

ಬಾಯಿ ತುಂಬಾ ಮಾಂಸ. "ಊಂ" ಅನ್ನುತ್ತಿದ್ದ. ಬೇರೆ ಏನು ಅಂದಾನು?

ಟ್ರಾನ್ಸ್‌ಫಾರ್ಮರು ಬರಲಿಲ್ಲ. ಆದರೂ ಅರಳಿಕಟ್ಟೆಯಲ್ಲಿ ಮಾತು ಹೇಗಾಯಿತು ಅಂದರೆ, "ನಂಜಪ್ಪ ಮಾಡ್ತೀನಿ ಮಾಡ್ತೀನಿ ಅಂತ ಮೋಸ ಮಾಡ್ದ. ಈ ತಿಮ್ಮಣ್ಣ ಮಾಡ್ತೀನಿ ಅಂತ ಒಂದ್ಸಲಾನೂ ಅಂದಿಲ್ಲ ಕಣ್ಲಾ. ನಿಯತ್ತಿನ್ ಮನ್ಸ!"

ಚುನಾವಣೆ ಬಂತು. "ನೀನೇ ನಿಂತ್ಕೊ ತಿಮ್ಮಣ್ಣ" ಅಂದರು. ಅವನು ಆಗಲೂ ಉಣ್ಣುತ್ತಿದ್ದ. ಊಂ ಅಂದ. ಪಕ್ಷೇತರನಾಗಿ ನಿಲ್ಲಿಸಿಯೇಬಿಟ್ಟರು.

ನಂಜಪ್ಪನಿಗೆ ಉಳಿದದ್ದು ಒಂದೇ ದಾರಿ. ಡಾಕ್ಟರು ಹಾಳಾಗಲಿ, ನಾಲ್ಕು ಜನರೆದುರು ಕೂತು ಉಣ್ಣಬೇಕು. ಶೀಳನೆರೆಯಲ್ಲಿ ಆ ಊರಿನ ಹಿರಿಯಜ್ಜಿ ದೊಡ್ಡತಾಯಮ್ಮನ ಮೊಮ್ಮಗಳ ಬೀಗರೂಟ. ನನ್ನನ್ನೂ ಎಳೆದುಕೊಂಡು ಹೋದ. ಎದುರು ಸಾಲಿನಲ್ಲಿ ತಿಮ್ಮರಾಜು ಆಗಲೇ ಮೂರನೇ ಮುದ್ದೆಗೆ ಕೈ ಹಾಕಿದ್ದ. ದೊಡ್ಡತಾಯಮ್ಮ ತಾನೇ ಬಂದು ನಂಜಪ್ಪನ ಎಲೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು. ಬಡಿಸುವವರು ಬಕೆಟ್ಟು ಹಿಡಿದು ಹಾಗೇ ನಿಂತರು.

ನಂಜಪ್ಪ ಮುದ್ದೆ ಮುರಿದ. ಉಂಡೆ ಕಟ್ಟಿದ. ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ. ಅಬ್ಬಾ, ಗೆದ್ದ ಅಂದುಕೊಂಡೆ.

ಆಗ ದವಡೆ ಅಲ್ಲಾಡಿತು.

ವರ್ಷಗಟ್ಟಲೆ ಚಪಾತಿ ತಿಂದ ದವಡೆ, ಅದಕ್ಕೇನು ಗೊತ್ತು? ಮುದ್ದೆಯನ್ನು ನುಂಗಬೇಕು ಅನ್ನುವುದು ನಮ್ಮಲ್ಲಿ ಹಾಲುಗೂಸಿಗೂ ಗೊತ್ತು. ಇವನು ಹಸುವಿನ ಹಾಗೆ ಮೆಲ್ಲುತ್ತಿದ್ದಾನೆ!

"ಅಯ್ಯೋ ನನ್ನಪ್ಪ, ಮುದ್ದೆ ಅಗೀತಿದ್ದೀಯಾ?" ಅಂದಳು ದೊಡ್ಡತಾಯಮ್ಮ.

"ಇಲ್ಲ ಕಣವ್ವಾ, ಮೂಳೆ ಸಿಕ್ತು."

"ಮುದ್ದೇಲೆಂಥಾ ಮೂಳೆಯಪ್ಪಾ?"

ಹಿಂದಿನಿಂದ ಯಾರೋ ಕೂಗಿದ: "ಅಗ್ದ ಕಣ್ರಲಾ! ಇವ್ನು ನಮ್ಮೋನೇ ಅಲ್ಲ!"

ಸುದ್ದಿ ಸಂಜೆಗೆ ಪಾಂಡವಪುರ ಮುಟ್ಟಿತು. ಅಲ್ಲಿಯವರ ಬಾಯಲ್ಲಿ ನಂಜಪ್ಪ ಮುದ್ದೆಗೆ ಚಮಚ ಕೇಳಿದ್ದ. ನಾಗಮಂಗಲ ಮುಟ್ಟುವ ಹೊತ್ತಿಗೆ ಮುದ್ದೆಯನ್ನು ಚಾಕುವಿನಲ್ಲಿ ಕುಯ್ದು ತಿಂದಿದ್ದ. ಅಲ್ಲಿಯವರಿಗೆ ಇಲ್ಲಿ ವೋಟೂ ಇಲ್ಲ, ಆದರೂ ಉಗಿದರು. ಠೇವಣಿ ಉಳಿದದ್ದೇ ಪುಣ್ಯ.

ತಿಮ್ಮರಾಜು ಈಗ ವಿಧಾನಸಭೆಯಲ್ಲಿದ್ದಾನೆ. ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಜನಕ್ಕೆ ಬಹಳ ಸಂತೋಷ.

ನೆನ್ನೆ ನಂಜಪ್ಪನ ಮನೆಗೆ ಹೋಗಿದ್ದೆ. ಹಿತ್ತಲ ಜಗಲಿಯ ಮೇಲೆ ಕೂತಿದ್ದಾನೆ. ಪುಟ್ಟತಾಯಮ್ಮ ಒಂದು ಕೈಯಲ್ಲಿ ಗೋಲಿಯಷ್ಟು ಮುದ್ದೆ ಹಿಡಿದು, ಇನ್ನೊಂದು ಕೈಯಲ್ಲಿ ಅವನ ಗದ್ದ ಅದುಮಿದ್ದಾಳೆ. "ದವಡೆ ಅಲ್ಲಾಡುಸ್ಬ್ಯಾಡಿ ಅಂದ್ನಲ್ಲ!"

ಕಣ್ಣುಮುಚ್ಚಿ ನುಂಗಿದ. ಕಣ್ಣಲ್ಲಿ ನೀರು. ನನ್ನನ್ನು ನೋಡಿ, "ಮುಂದಿನ್ ಎಲೆಕ್ಸನ್ ಒತ್ಗೆ ಸರಿಯೋಯ್ತೀನೇನ್ಲಾ?" ಅಂದ.

"ನುಂಗೋದೇನೋ ಕಲ್ತ್‌ಬುಡ್ತೀಯ ಕಣ್ಲಾ," ಅಂದೆ. "ನುಂಗಿದ್ಮ್ಯಾಲೆ ಬಾಯಿ ಖಾಲಿ ಆಯ್ತದಲ್ಲ, ಆಗ ಮಾತಾಡ್ತೀಯ. ಅದ್ಕೇನ್ ಮಾಡೀಯೆ?"

ಉತ್ತರ ಕೊಡಲು ಬಾಯಿ ತೆರೆದ. ಪುಟ್ಟತಾಯಮ್ಮ ಇನ್ನೊಂದು ಉಂಡೆ ತುರುಕಿದಳು.

"ಊಂ" ಅಂದ.